ಮೈಲಿಗಲ್ಲು ನೋಡಿ ಇಳಿಯಿರಿ: ಬ್ಲೂ ರಿಡ್ಜ್ ಪಾರ್ಕ್‌ವೇಯಲ್ಲಿ ನಡೆಯುವವರಿಗೊಂದು ಮಾರ್ಗದರ್ಶಿ

ಅಪ್ಪ ಮೊದಲ ಸಲ ಅಮೆರಿಕಕ್ಕೆ ಬಂದಾಗ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಆಮೇಲೆ, "ಅಲ್ಲೋ, ಇಷ್ಟು ದೂರ ವಿಮಾನ ಹತ್ತಿಸಿ ಕರೆಸಿಕೊಂಡು ಮತ್ತೆ ಚಾರ್ಮಾಡಿ ಘಾಟಿನೇ ತೋರಿಸ್ತಿದ್ದೀಯಲ್ಲ! ಲಾರಿ ಒಂದಿಲ್ಲ, ಅಷ್ಟೇ ವ್ಯತ್ಯಾಸ" ಅಂದರು. ಲಾರಿ ಇಲ್ಲದ್ದನ್ನು ಸರಿಯಾಗಿಯೇ ಗಮನಿಸಿದ್ದರು. ಈ ರಸ್ತೆಗೆ ಸರಕು ಸಾಗಿಸುವ ಗಾಡಿಗಳನ್ನು ಬಿಡುವುದಿಲ್ಲ.

ಆ ದಿನ ನಾನು ಮಾಡಿದ್ದು ಹೊಸಬರೆಲ್ಲ ಮಾಡುವ ತಪ್ಪು. ಒಂದೇ ದಿನ ನೂರಿಪ್ಪತ್ತು ಮೈಲಿ ಓಡಿಸಿದೆ. ಸಿಕ್ಕಸಿಕ್ಕ ಕಡೆ ನಿಲ್ಲಿಸಿ ಫೋಟೊ ತೆಗೆದದ್ದಾಯಿತು. ತಿರುವುಗಳಿಗೆ ಅಮ್ಮನಿಗೆ ತಲೆ ಸುತ್ತಿ, ನಿಂಬೆಹಣ್ಣು ಮೂಸಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟರು. ಅಷ್ಟೊಂದು ಬೆಟ್ಟ ನೋಡಿದರೂ ನಾವ್ಯಾರೂ ನೂರು ಹೆಜ್ಜೆ ನಡೆದಿರಲಿಲ್ಲ.

ಮುಂದಿನ ಸಲ ಲೆಕ್ಕ ಬದಲಾಯಿಸಿದೆ. ಬೆಟ್ಟ ಏರುವ ಕೆಲಸವನ್ನು ಇಲ್ಲಿ ರಸ್ತೆಯೇ ಮಾಡಿಕೊಡುತ್ತದೆ. ಐದು ಸಾವಿರ ಅಡಿ ಎತ್ತರಕ್ಕೆ ಗಾಡಿಯೇ ತಂದು ಬಿಡುತ್ತದೆ. ಉಳಿದ ಅರ್ಧ ಮೈಲಿ, ಒಂದು ಮೈಲಿ ನಾವು ನಡೆದರೆ ಸಾಕು. ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ ಇದೆ. ಪಾರ್ಕ್‌ವೇ ಮೇಲೆ ದಿನಕ್ಕೆ ಐವತ್ತು ಮೈಲಿಗಿಂತ ಜಾಸ್ತಿ ಓಡಿಸಬಾರದು. ಕಡಿಮೆ ಅಂದರೂ ಎರಡು ಕಡೆ ಇಳಿದು ನಡೆಯಬೇಕು. ಕೆಳಗೆ ಹೇಳಿರುವುದೆಲ್ಲ ಆ ಲೆಕ್ಕದ್ದೇ.

ಮೊದಲು ಮೈಲಿಗಲ್ಲಿನ ಲೆಕ್ಕ ಕಲಿಯಿರಿ

ಪಾರ್ಕ್‌ವೇಯ ಉದ್ದ 469 ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 755 ಕಿಲೋಮೀಟರ್. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ ಸೊನ್ನೆಯಿಂದ ಶುರುವಾಗಿ, ನಾರ್ತ್ ಕ್ಯಾರೊಲಿನಾದ ಚೆರೊಕೀ ಊರಿನ ಹತ್ತಿರ ಮುಗಿಯುತ್ತದೆ. ಆ ತುದಿಯಲ್ಲಿ ಶೆನಂಡೋವಾ ರಾಷ್ಟ್ರೀಯ ಉದ್ಯಾನ, ಈ ತುದಿಯಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್. ಮೈಲಿಗೊಂದರಂತೆ ರಸ್ತೆ ಪಕ್ಕದಲ್ಲಿ ಗಿಡ್ಡ ಕಲ್ಲು ನೆಟ್ಟಿರುತ್ತಾರೆ. ಅದರ ಮೇಲಿನ ಅಂಕಿ ಏರುತ್ತಿದ್ದರೆ ನೀವು ದಕ್ಷಿಣಕ್ಕೆ ಹೋಗುತ್ತಿದ್ದೀರಿ. ಇಳಿಯುತ್ತಿದ್ದರೆ ಉತ್ತರಕ್ಕೆ.

ಇಲ್ಲಿ ಎಲ್ಲದಕ್ಕೂ ಆ ಅಂಕಿಯೇ ವಿಳಾಸ. ಬೀದಿ ಹೆಸರಿಲ್ಲ, ಮನೆ ನಂಬರಿಲ್ಲ. ಕಾಲುದಾರಿ ಹುಡುಕಲು ಫೋನಿನ ಮ್ಯಾಪನ್ನೇ ನಂಬಿದರೆ, ಅದು ಬೆಟ್ಟದ ಬುಡದ ಯಾವುದೋ ಹಳ್ಳಿಯ ದಾರಿ ತೋರಿಸಿ ಕೈ ತೊಳೆದುಕೊಳ್ಳುತ್ತದೆ. ನೀವು ನಡೆಯಬೇಕೆಂದಿರುವ ಜಾಗದ ಮೈಲಿಗಲ್ಲಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗಾಡಿ ಓಡಿಸುವವರ ಪಕ್ಕದಲ್ಲಿ ಕೂತವರು ಕಲ್ಲು ಎಣಿಸುತ್ತಾ ಬಂದರೆ ಆಯಿತು. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ವೇಗದ ಮಿತಿ ಗಂಟೆಗೆ 45 ಮೈಲಿ. ತಿರುವು, ಮಂಜು, ಮುಂದೆ ನಿಧಾನ ಹೋಗುವ ಗಾಡಿ, ರಸ್ತೆ ದಾಟುವ ಜಿಂಕೆ ಎಲ್ಲ ಸೇರಿ ಅಷ್ಟು ವೇಗವೂ ಸಿಗುವುದಿಲ್ಲ. ಎಲ್ಲೂ ನಿಲ್ಲಿಸದೆ ಹೋದರೂ ಐವತ್ತು ಮೈಲಿಗೆ ಒಂದೂವರೆ ಗಂಟೆ ಹಿಡಿಯಿರಿ. ಅವಸರದಲ್ಲಿ ಊರು ಮುಟ್ಟಲೆಂದು ಮಾಡಿದ ರಸ್ತೆಯೇ ಅಲ್ಲ ಇದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರ ಕೈಗೆ ಕೂಲಿ ಸಿಗಲಿ ಎಂಬ ಉದ್ದೇಶವೂ ಸೇರಿ, 1935ರ ಸೆಪ್ಟೆಂಬರ್ 11ರಂದು ಕೆಲಸ ಶುರುವಾಯಿತು. ಪೂರ್ತಿ ಮುಗಿದದ್ದು 1987ರಲ್ಲಿ. ಮೊದಲಿನಿಂದಲೂ ಇದನ್ನು ಕಣ್ಣಿಗೋಸ್ಕರ ಕಟ್ಟಿದ್ದು. ಅದಕ್ಕೇ ಇಲ್ಲಿ ಜಾಹೀರಾತು ಬೋರ್ಡಿಲ್ಲ, ಸಿಗ್ನಲ್ ದೀಪದ ಕಾಟವಿಲ್ಲ.

ಪೆಟ್ರೋಲ್ ಬಂಕೂ ಇಲ್ಲ! ಇದನ್ನು ನಾನು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ಒಂದು ಸಂಜೆ ಟ್ಯಾಂಕಿನ ಮುಳ್ಳು ತಳ ಮುಟ್ಟಿತ್ತು. ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು ಹದಿನಾಲ್ಕು ಮೈಲಿ ಬಂದು, ಪಾರ್ಕ್‌ವೇಯಿಂದ ಕೆಳಗಿಳಿದು ಬಂಕ್ ಹುಡುಕಿದ್ದೆ. ಬೆಟ್ಟ ಹತ್ತುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ನಿಮ್ಮ ಊರಿಗೆ ಹತ್ತಿರದ ತುಂಡು ಆರಿಸಿಕೊಳ್ಳಿ

469 ಮೈಲಿ ಒಂದೇ ಸಲ ಮುಗಿಸುತ್ತೇನೆ ಎನ್ನುವವರಿಗೆ ನನ್ನ ನಮಸ್ಕಾರ. ಉಳಿದವರು ಒಂದು ತುಂಡು ಆರಿಸಿಕೊಳ್ಳಿ. ವಾಷಿಂಗ್ಟನ್, ರಿಚ್‌ಮಂಡ್ ಕಡೆಯ ಕನ್ನಡಿಗರಿಗೆ ಸೊನ್ನೆಯಿಂದ 86ರವರೆಗಿನ ವರ್ಜೀನಿಯಾ ಭಾಗ ಹತ್ತಿರ. ಷಾರ್ಲಟ್‌ನವರಿಗೆ ಬ್ಲೋಯಿಂಗ್ ರಾಕ್ ಊರಿನ ಆಸುಪಾಸು, ಅಂದರೆ 291ರಿಂದ 317ರವರೆಗೆ. ಎರಡು ಗಂಟೆಯ ದಾರಿ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಅಟ್ಲಾಂಟಾದವರಿಗೆ ದಕ್ಷಿಣದ ತುದಿ ಅನುಕೂಲ. ರಾಲಿಯವರು ಪಾರ್ಕ್‌ವೇ ಪಕ್ಕದ ಆಶ್‌ವಿಲ್ ಊರಿಗೆ ಹೋಗುವುದಾದರೆ ಒಂದು ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು. ಇಡೀ ರಸ್ತೆಯಲ್ಲಿ ಒಂದೇ ತುಂಡು ನೋಡಲು ಸಮಯ ಇದೆ ಅಂದರೆ, ನಾನು ಆಶ್‌ವಿಲ್‌ನ ಎರಡೂ ಬದಿಯನ್ನೇ ಹೇಳುತ್ತೇನೆ: 355ರಿಂದ 423ರವರೆಗೆ. ಒಂದು ದಿನ ಉತ್ತರಕ್ಕೆ, ಇನ್ನೊಂದು ದಿನ ದಕ್ಷಿಣಕ್ಕೆ.

ಆದರೆ ಒಂದು ಮಾತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಹೆಲೀನ್ ಚಂಡಮಾರುತ ಈ ಭಾಗವನ್ನು ಚೆನ್ನಾಗಿ ಜಾಲಾಡಿತು. ಹತ್ತಾರು ಕಡೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಯಿತು. ಸಾವಿರಾರು ಮರ ಉರುಳಿದವು. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ, ಅಲ್ವಾ? ದುರಸ್ತಿ ತುಂಡು ತುಂಡಾಗಿ ನಡೆಯುತ್ತದೆ. ರಸ್ತೆ ತೆರೆದಿದ್ದರೂ ಕಾಲುದಾರಿ ಮುಚ್ಚಿರಬಹುದು. ಹಾಗಾಗಿ ಹೊರಡುವ ಹಿಂದಿನ ರಾತ್ರಿ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವೆಬ್‌ಸೈಟಿನಲ್ಲಿ ಪಾರ್ಕ್‌ವೇಯ ರಸ್ತೆ ಸ್ಥಿತಿಯ ಪುಟ ತೆರೆಯಿರಿ. ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ತೆರೆದಿದೆ, ಮುಚ್ಚಿದೆ ಎಂದು ಪಟ್ಟಿ ಇರುತ್ತದೆ. ಮೈಲಿಗಲ್ಲಿನ ಲೆಕ್ಕ ಕಲಿಯಿರಿ ಅಂದದ್ದು ಇದಕ್ಕೂ ಸೇರಿಯೇ.

ಟಿಕೆಟ್ ಇಲ್ಲ. ಹಗಲು ನಡೆದು ಬರುವುದಕ್ಕೆ ಪರವಾನಗಿಯೂ ಬೇಕಿಲ್ಲ. ಊರಿನಲ್ಲಿ ಕುಮಾರ ಪರ್ವತಕ್ಕೆ ಆನ್‌ಲೈನ್ ಬುಕಿಂಗ್ ಮಾಡಿ ಅಭ್ಯಾಸವಾದವರಿಗೆ ಇದೊಂದು ನಿರಾಳ.

ಯಾವಾಗ ಹೋಗಬೇಕು

ಜೂನ್ ಮಧ್ಯದಲ್ಲಿ ಎತ್ತರದ ಬೆಟ್ಟಗಳಲ್ಲಿ ರೋಡೋಡೆಂಡ್ರಾನ್ ಹೂಬಿಡುತ್ತದೆ. ಗುಲಾಬಿ, ನೇರಳೆ ಬಣ್ಣದ ದೊಡ್ಡ ಗೊಂಚಲು. ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗುತ್ತದೆ. ಇದು ಒಂದೇ ದಿನ ಆಗುವುದಿಲ್ಲ. ತಿಂಗಳ ಮೊದಲ ವಾರ ತುತ್ತ ತುದಿಯಲ್ಲಿ ಶುರುವಾಗಿ, ದಿನದಿಂದ ದಿನಕ್ಕೆ ಬೆಟ್ಟ ಇಳಿಯುತ್ತಾ, ತಿಂಗಳ ಕೊನೆಗೆ ಕಣಿವೆ ಸೇರುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಯಾವ ವಾರ ಹೋದರೂ ಯಾವುದಾದರೊಂದು ಎತ್ತರದಲ್ಲಿ ಬಣ್ಣ ಸಿಗುತ್ತದೆ. ಜನವೂ ಅಷ್ಟೇ ಸಿಗುತ್ತಾರೆ. ಆ ತಿಂಗಳ ಶನಿವಾರ, ಭಾನುವಾರ ಬೆಳಗ್ಗೆ ಎಂಟರೊಳಗೆ ಪಾರ್ಕಿಂಗ್ ಹಿಡಿಯದಿದ್ದರೆ ಆಸೆ ಬಿಡಿ.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಬೋಳು ಬೆಟ್ಟಗಳನ್ನು ಮಧ್ಯಾಹ್ನದೊಳಗೆ ಮುಗಿಸಿ ಇಳಿಯಿರಿ. ಚಳಿಗಾಲದಲ್ಲಿ ಹಿಮ ತೆಗೆಯಲು ಯಂತ್ರ ಓಡಾಡುವುದಿಲ್ಲ, ಉಪ್ಪು ಹಾಕುವುದಿಲ್ಲ. ಗೇಟು ಎಳೆದು ಎತ್ತರದ ಭಾಗಗಳನ್ನು ಮುಚ್ಚಿಬಿಡುತ್ತಾರೆ.

ಬೇಸಿಗೆಯ ಬೆಳಗ್ಗೆ ಹೋದರೆ ಆ ನೀಲಿ ಕಾಣುತ್ತದೆ. ಹತ್ತಿರದ ಬೆಟ್ಟ ಹಸಿರು, ಅದರಾಚೆಯದು ನೀಲಿ, ಅದರಾಚೆಯದು ಇನ್ನೂ ತೆಳು ನೀಲಿ. ಮರಗಳು ಗಾಳಿಗೆ ಬಿಡುವ ಐಸೊಪ್ರೀನ್ ಎಂಬ ರಾಸಾಯನಿಕದಿಂದ ಆ ಮಬ್ಬು ಹುಟ್ಟುತ್ತದೆ. ಬ್ಲೂ ರಿಡ್ಜ್ ಎಂಬ ಹೆಸರು ಬಂದದ್ದು ಆ ಬಣ್ಣದಿಂದ. ನೀಲಗಿರಿ ಎಂದು ಕರೆದು ಅಭ್ಯಾಸವಿರುವ ನಮಗೆ ಈ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಚೀಲದಲ್ಲಿ ಏನಿರಬೇಕು

ಒಂದು ಮೈಲಿ ನಡಿಗೆಗೆ ದೊಡ್ಡ ಬೆನ್ನುಚೀಲ ಬೇಡ. ಆದರೆ ಜರ್ಕಿನ್ ಬೇಕೇ ಬೇಕು. ಸಾವಿರ ಅಡಿ ಏರಿದರೆ ಸುಮಾರು ಮೂರರಿಂದ ಐದು ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಆಶ್‌ವಿಲ್‌ನಲ್ಲಿ ಬೆವರುತ್ತಾ ಹೊರಟವರು ಮೌಂಟ್ ಮಿಚೆಲ್ ಮೇಲೆ ನಡುಗುವುದನ್ನು ಪ್ರತಿ ಸಲ ನೋಡುತ್ತೇನೆ. ಅಲ್ಲಿ ಗಾಳಿಯೂ ಜೋರು. ಅಪ್ಪ ಅಮ್ಮನಿಗೆ ಒಂದು ಮಂಕಿ ಕ್ಯಾಪ್ ಇಟ್ಟುಕೊಳ್ಳಿ. ನಗುವವರು ನಗಲಿ.

ಚಪ್ಪಲಿ ಬೇಡ. ಹಿಡಿತ ಇರುವ ಶೂ ಹಾಕಿ. ಅಮ್ಮ ಸೀರೆಗೇ ಶೂ ಹಾಕಿಕೊಂಡು ಎರಡು ಬೆಟ್ಟ ಹತ್ತಿದ್ದಾರೆ, ಏನೂ ಆಗಲಿಲ್ಲ. ತಲೆಗೆ ಒಂದು ಲೀಟರಾದರೂ ನೀರಿರಲಿ. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಬೇಡಿ. ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಒಂದು ಸಣ್ಣ ಟಾರ್ಚ್ ಇರಲಿ.

ಇನ್ನು ಬುತ್ತಿ. ಪಾರ್ಕ್‌ವೇ ಮೇಲೆ ಹೋಟೆಲುಗಳು ಬೆರಳೆಣಿಕೆ, ಅವೂ ಚಳಿಗಾಲದಲ್ಲಿ ಮುಚ್ಚುತ್ತವೆ. ಪುಳಿಯೋಗರೆ, ಚಪಾತಿ ಪಲ್ಯ, ಡಬ್ಬಿಯಲ್ಲಿ ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ದಿನ ಸಾಗುತ್ತದೆ. ಊಟಕ್ಕೆಂದೇ ಮೇಜು ಹಾಕಿದ ಜಾಗಗಳು ದಾರಿಯಲ್ಲಿ ಸಿಗುತ್ತವೆ. ಅಲ್ಲೇ ಊಟ ಮಾಡಿ, ಒಂದು ಅಗುಳೂ ಬೀಳದಂತೆ ಒರೆಸಿ. ಯಾಕೆ ಅಂದರೆ ಈ ಕಾಡಿನಲ್ಲಿ ಕರಡಿ ಇದೆ. ಉಳಿದ ಊಟವನ್ನು ಮೇಜಿನ ಮೇಲೆ ಬಿಟ್ಟು ನಡೆಯಲು ಹೋಗಬೇಡಿ. ಕಾರಿನೊಳಗಿಟ್ಟು, ಗಾಜು ಏರಿಸಿ, ಬೀಗ ಹಾಕಿ.

ಆಶ್‌ವಿಲ್‌ನಿಂದ ಉತ್ತರಕ್ಕೆ: ಕ್ರ್ಯಾಗಿ ಮತ್ತು ಮಿಚೆಲ್

ಹೊಸಬರಿಗೆ ನಾನು ಮೊದಲು ಹೇಳುವುದು ಕ್ರ್ಯಾಗಿ ಪಿನಕಲ್. ಮೈಲಿಗಲ್ಲು 364.1. ಹೋಗಿಬರಲು ಒಟ್ಟು 1.4 ಮೈಲಿ. ಪಾರ್ಕಿಂಗ್ ಪಕ್ಕದಿಂದಲೇ ದಾರಿ ಶುರು. ನಾಲ್ಕು ಹೆಜ್ಜೆ ಇಟ್ಟರೆ ರೋಡೋಡೆಂಡ್ರಾನ್ ಪೊದೆಗಳು ತಲೆಯ ಮೇಲೆ ಚಪ್ಪರದಂತೆ ಕೂಡಿಕೊಳ್ಳುತ್ತವೆ. ಬೆಳಕು ಕಡಿಮೆ, ತಂಪು ಜಾಸ್ತಿ. ಗಾಳಿಗೆ ಬೆಳೆಯಲಾಗದೆ ತಿರುಚಿಕೊಂಡ ಮರಗಳು ಎರಡೂ ಕಡೆ. ಅದರಿಂದ ಹೊರಬಿದ್ದರೆ 5,892 ಅಡಿಯ ತುದಿ. ಸುತ್ತಲೂ ಬೆಟ್ಟ, ಕೆಳಗೆ ನೀವು ಬಂದ ರಸ್ತೆ ದಾರದ ಎಳೆಯಂತೆ. ಬಂಡೆಯ ಅಂಚಿನಲ್ಲಿ ಅಪರೂಪದ ಗಿಡಗಳಿವೆ, ಕಟ್ಟೆಯ ಒಳಗೇ ನಿಲ್ಲಿ. ಮಧ್ಯೆ ಮಧ್ಯೆ ಕೂತು ಹೋದರೂ ಮುಕ್ಕಾಲು ಗಂಟೆಯಲ್ಲಿ ತುದಿ ತಲುಪಬಹುದು. ಐದು ವರ್ಷದ ಮಗುವೂ ಹತ್ತುತ್ತದೆ, ಎಪ್ಪತ್ತರ ಅಪ್ಪನೂ ಹತ್ತಿದ್ದಾರೆ.

ಅಲ್ಲಿಂದ ಉತ್ತರಕ್ಕೆ ಒಂಬತ್ತು ಮೈಲಿ ಹೋದರೆ 355.4ರಲ್ಲಿ ಮೌಂಟ್ ಮಿಚೆಲ್‌ಗೆ ಕವಲು ರಸ್ತೆ. ಎತ್ತರ 6,684 ಅಡಿ, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಮೀಟರಿನಲ್ಲಿ 2,037. ನಮ್ಮ ಮುಳ್ಳಯ್ಯನಗಿರಿ 1,930. ಅಂದರೆ ನೂರೇ ಮೀಟರ್ ವ್ಯತ್ಯಾಸ. ಇದನ್ನು ಕೇಳಿ ಅಪ್ಪನಿಗೆ ಬಹಳ ಸಮಾಧಾನವಾಯಿತು. ಮುಳ್ಳಯ್ಯನಗಿರಿಯಂತೆಯೇ ಇಲ್ಲೂ ಗಾಡಿ ಹತ್ತಿರದವರೆಗೆ ಹೋಗುತ್ತದೆ. ಆದರೆ ಮೆಟ್ಟಿಲ ಸಾಲಿಲ್ಲ. ಕಾಲು ಮೈಲಿಯಷ್ಟು ಗಟ್ಟಿ ದಾರಿ ಏರಿದರೆ ತುದಿಯ ಕಟ್ಟೆ.

ತುದಿಯಲ್ಲಿ ಒಂದು ಸಮಾಧಿ ಇದೆ. ಎಲೈಶಾ ಮಿಚೆಲ್ ಎಂಬ ಪ್ರೊಫೆಸರದು. ಈ ಬೆಟ್ಟವೇ ಎಲ್ಲಕ್ಕಿಂತ ಎತ್ತರ ಎಂದು ಮೊದಲು ಅಳೆದು ಹೇಳಿದವರು. ಗಾಳಿಯ ಒತ್ತಡ ನೋಡಿ ಎತ್ತರ ಲೆಕ್ಕ ಹಾಕುವ ಕಾಲ ಅದು. 1844ರಲ್ಲಿ ಅವರು ಹಾಕಿದ ಲೆಕ್ಕ 6,672 ಅಡಿ. ತಪ್ಪಿದ್ದು ಬರೀ ಹನ್ನೆರಡು ಅಡಿ! ಮುಂದೆ ಅವರ ಹಳೆಯ ವಿದ್ಯಾರ್ಥಿ, ರಾಜಕಾರಣಿ ಥಾಮಸ್ ಕ್ಲಿಂಗ್‌ಮನ್ ತಕರಾರು ತೆಗೆದರು. ಮತ್ತೆ ಅಳೆದು ತೋರಿಸುತ್ತೇನೆ ಎಂದು 1857ರಲ್ಲಿ ಬೆಟ್ಟಕ್ಕೆ ಬಂದ ಮಿಚೆಲ್ ಒಂದು ಜಲಪಾತದ ಬಳಿ ಕಾಲು ಜಾರಿ ಬಿದ್ದು ತೀರಿಕೊಂಡರು. ಆಗ ಅವರಿಗೆ ಅರವತ್ತು ದಾಟಿತ್ತು. ಕಾಡಿನಲ್ಲಿ ಒಬ್ಬರೇ ಹೋಗಬೇಡಿ, ಒದ್ದೆ ಬಂಡೆ ಮೇಲೆ ಕಾಲಿಡಬೇಡಿ ಎಂದು ಯಾರಿಗಾದರೂ ಹೇಳುವಾಗ ನಾನು ಈ ಕಥೆ ಸೇರಿಸುತ್ತೇನೆ.

ಕ್ರ್ಯಾಗಿ, ಮಿಚೆಲ್ ಎರಡೂ ಒಂದೇ ದಿನಕ್ಕೆ ಆರಾಮ. ಮಿಚೆಲ್ ಅನ್ನು ಬೆಳಗ್ಗೆ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೆ ಮೋಡ ಕವಿದು ತುದಿಯಲ್ಲಿ ಬಿಳಿ ಗೋಡೆ ಬಿಟ್ಟು ಇನ್ನೇನೂ ಕಾಣದ ದಿನಗಳು ಬಹಳ.

ಆಶ್‌ವಿಲ್‌ನಿಂದ ದಕ್ಷಿಣಕ್ಕೆ: ಬೋಳು ಬೆಟ್ಟಗಳ ಕಡೆ

ಇದು ನನಗೆ ಇಷ್ಟದ ತುಂಡು. 418.8ರಲ್ಲಿ ಗ್ರೇವ್‌ಯಾರ್ಡ್ ಫೀಲ್ಡ್ಸ್. ಹೆಸರು ಕೇಳಿ ಅಮ್ಮ, "ಹಬ್ಬದ ದಿನ ಸ್ಮಶಾನಕ್ಕೆ ಯಾಕೋ" ಅಂದಿದ್ದರು. ಸ್ಮಶಾನ ಅಲ್ಲ. ಉರುಳಿದ ಮರಗಳ ಪಾಚಿ ಹಿಡಿದ ಬುಡಗಳು ಗೋರಿಗಳಂತೆ ಕಾಣುತ್ತಿದ್ದವಂತೆ, ಅದಕ್ಕೆ ಆ ಹೆಸರು. 1925ರ ಕಾಳ್ಗಿಚ್ಚಿನಲ್ಲಿ ಅವೂ ಸುಟ್ಟುಹೋದವು. ಕಾಡು ಇನ್ನೂ ಮೊದಲಿನಂತೆ ಬೆಳೆದಿಲ್ಲ, ಹಾಗಾಗಿ ಆಕಾಶ ಚೆನ್ನಾಗಿ ಕಾಣುತ್ತದೆ. ಪಾರ್ಕಿಂಗ್‌ನಿಂದ ಮೆಟ್ಟಿಲಿಳಿದು, ಸೇತುವೆ ದಾಟಿ, ಮರದ ಮೆಟ್ಟಿಲು ಇಳಿದರೆ ಕೆಳಗಿನ ಜಲಪಾತ. ಅರ್ಧ ಮೈಲಿಯೂ ಇಲ್ಲ. ಮೇಲಿನ ಜಲಪಾತಕ್ಕೆ ಒಂದೂವರೆ ಮೈಲಿ ನಡೆಯಬೇಕು, ದಾರಿ ಕೆಸರು. ನೀರು ಮಾತ್ರ ಬೇಕೆನ್ನುವವರು ಕೆಳಗಿನದನ್ನು ನೋಡಿ ಹಿಂತಿರುಗಿದರೆ ನಷ್ಟವಿಲ್ಲ. ಆಗಸ್ಟ್‌ನಲ್ಲಿ ದಾರಿಯ ಪೊದೆಗಳಲ್ಲಿ ಕಾಡು ಬ್ಲೂಬೆರಿ ಬಿಟ್ಟಿರುತ್ತದೆ. ನಮಗೆ ಎಷ್ಟು ಇಷ್ಟವೋ ಕರಡಿಗೂ ಅಷ್ಟೇ ಇಷ್ಟ ಎನ್ನುವುದು ನೆನಪಿರಲಿ.

420.2ರಲ್ಲಿ ಬಲಕ್ಕೆ ಒಂದು ಸಣ್ಣ ಅರಣ್ಯ ರಸ್ತೆ ಒಳಹೋಗುತ್ತದೆ. ಅದು ಬ್ಲ್ಯಾಕ್ ಬಾಲ್ಸಮ್‌ಗೆ ದಾರಿ. ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲಿಸಿ, ಆರ್ಟ್ ಲೋಬ್ ಟ್ರೇಲ್ ಹಿಡಿದು ಒಂದು ಮೈಲಿಯೊಳಗೆ 6,214 ಅಡಿಯ ತುದಿ ಮುಟ್ಟಬಹುದು. ಮರ ಇಲ್ಲ, ಬರೀ ಹುಲ್ಲು. ಬೆಟ್ಟದಿಂದ ಬೆಟ್ಟಕ್ಕೆ ಹುಲ್ಲು ಹಾಸಿದಂತೆ. ಕುದುರೆಮುಖ ಹತ್ತಿದವರು ಇಲ್ಲಿ ನಿಂತು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ನಾನಂತೂ ಆದೆ. ವ್ಯತ್ಯಾಸ ಏನೆಂದರೆ ಇಲ್ಲಿ ಇಂಬಳದ ಕಾಟವಿಲ್ಲ. ಮುಂದೆ ಟೆನೆಂಟ್ ಮೌಂಟನ್‌ವರೆಗೂ ಹೋಗಬಹುದು. ಎಲ್ಲಿ ಸಾಕು ಅನಿಸುತ್ತದೋ ಅಲ್ಲಿಂದ ತಿರುಗಿ. ಮಂಜು ಇಳಿದರೆ ಮಾತ್ರ ಮುಂದೆ ಹೋಗಬೇಡಿ. ಹುಲ್ಲಿನಲ್ಲಿ ಅಡ್ಡದಾರಿಗಳು ಹತ್ತಾರು, ಎಲ್ಲವೂ ಒಂದೇ ತರ ಕಾಣುತ್ತವೆ. ನಾನು ಒಮ್ಮೆ ಐದು ನಿಮಿಷದ ದಾರಿಗೆ ಒಂದು ಗಂಟೆ ಸುತ್ತಿದ್ದೇನೆ.

422.4ರಲ್ಲಿ ಡೆವಿಲ್ಸ್ ಕೋರ್ಟ್‌ಹೌಸ್. ಅರ್ಧ ಮೈಲಿಯ ಏರು. ದಾರಿಗೆ ಡಾಂಬರು ಹಾಕಿದ್ದಾರೆಂದು ಹಗುರ ಎಂದುಕೊಳ್ಳಬೇಡಿ, ತೊಡೆ ಉರಿಯುತ್ತದೆ. ತುದಿಯ ಬಂಡೆಯಿಂದ ಆಕಾಶ ತಿಳಿಯಾಗಿದ್ದರೆ ನಾಲ್ಕು ರಾಜ್ಯಗಳು ಕಾಣುತ್ತವೆ. ಈ ಬಂಡೆಯೊಳಗಿನ ಗುಹೆಯಲ್ಲಿ ಜುಡಾಕುಲ್ಲಾ ಎಂಬ ದೈತ್ಯ ಇದ್ದನೆಂದು ಚೆರೊಕೀ ಜನರ ಕಥೆ. ಅವನು ಬೆಟ್ಟದಿಂದ ಜಿಗಿದು ಕೈ ಊರಿದ ಗುರುತು ಎಂದು ಬೇರೆ ಕಡೆ ಒಂದು ಕೆತ್ತನೆಯ ಕಲ್ಲನ್ನೂ ತೋರಿಸುತ್ತಾರೆ. ಭೀಮನ ಹೆಜ್ಜೆ ಇಲ್ಲದ ಬೆಟ್ಟ ನಮ್ಮಲ್ಲಿ ಎಷ್ಟಿವೆ ಹೇಳಿ?

ಇದೇ ದಾರಿಯಲ್ಲಿ 407.6ರ ಮೌಂಟ್ ಪಿಸ್ಗಾ ಕೂಡ ಇದೆ. ಒಂದು ಕಡೆಗೆ ಒಂದೂವರೆ ಮೈಲಿ, ಕೊನೆಯ ಅರ್ಧ ಬರೀ ಕಲ್ಲಿನ ಏರು, ತುದಿಯಲ್ಲಿ ಟಿವಿ ಟವರ್. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟು ಬ್ಲ್ಯಾಕ್ ಬಾಲ್ಸಮ್‌ಗೆ ಹೋಗಿ ಎನ್ನುತ್ತೇನೆ.

ಬ್ಲೋಯಿಂಗ್ ರಾಕ್ ಸುತ್ತ: ರಫ್ ರಿಡ್ಜ್

302.8ರಲ್ಲಿ ರಫ್ ರಿಡ್ಜ್. ಮರದಡಿಯ ಕಲ್ಲಿನ ದಾರಿಯಲ್ಲಿ ಹತ್ತು ಹದಿನೈದು ನಿಮಿಷ ಏರಿದರೆ ಮರದ ಹಲಗೆಯ ದಾರಿ ಸಿಗುತ್ತದೆ. ಬಂಡೆಯ ಮೇಲಿನ ಸೂಕ್ಷ್ಮ ಗಿಡಗಳಿಗೆ ಕಾಲು ತಾಗದಿರಲಿ ಎಂದು ನೆಲದಿಂದ ಮೇಲಕ್ಕೆತ್ತಿ ಕಟ್ಟಿದ್ದಾರೆ. ಅಲ್ಲಿ ನಿಂತು ನೋಡಿದರೆ ಗ್ರ್ಯಾಂಡ್‌ಫಾದರ್ ಮೌಂಟನ್‌ನ ಮೈಗೆ ಅಂಟಿಕೊಂಡಂತೆ ಲಿನ್ ಕೋವ್ ವಯಡಕ್ಟ್ ಎಂಬ ಸೇತುವೆ ಕಾಣುತ್ತದೆ. ಮೇಲೆ ಹೇಳಿದ 1987ರವರೆಗೆ ಬಾಕಿ ಉಳಿದದ್ದು ಈ ಸೇತುವೆಯೂ ಸೇರಿದ ಏಳೂಮುಕ್ಕಾಲು ಮೈಲಿಯೇ. ಬೆಟ್ಟದ ಮೈ ಕೊರೆದು ರಸ್ತೆ ಮಾಡುವುದು ಬೇಡ ಎಂದು ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ ಮೇಲಿನಿಂದಲೇ ಒಂದೊಂದು ತುಂಡು ಇಳಿಸಿ ಜೋಡಿಸಿದರು. ಸೇತುವೆಯ ಉದ್ದ 1,243 ಅಡಿ. 153 ಕಾಂಕ್ರೀಟ್ ತುಂಡುಗಳು, ಅದರಲ್ಲಿ ನೇರವಾಗಿರುವುದು ಒಂದೇ ಒಂದು. ಸೇತುವೆ ಮೇಲೆ ಗಾಡಿಯಲ್ಲಿ ಹೋದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಏನೂ ತಿಳಿಯುವುದಿಲ್ಲ. ರಫ್ ರಿಡ್ಜ್ ಹತ್ತಿ ದೂರದಿಂದ ನೋಡಿದರೇ ಅದರ ವಂಕಿ ಗೊತ್ತಾಗುವುದು.

ರಫ್ ರಿಡ್ಜ್ ದಾರಿ ನಿಜವಾಗಿ 13.5 ಮೈಲಿಯ ತನಾವಾ ಟ್ರೇಲ್‌ನ ಒಂದು ತುಣುಕು. ಕಾಲಲ್ಲಿ ಕಸುವಿದ್ದವರು ಎರಡು ಗಾಡಿ ಮಾಡಿಕೊಂಡು, ಒಂದನ್ನು ಆ ತುದಿಯಲ್ಲಿ ಬಿಟ್ಟು, ಇಡೀ ದಿನ ನಡೆಯಬಹುದು.

ಮಂಡಿ ನೋವಿನವರನ್ನು ಕರೆದುಕೊಂಡು ಬಂದಿದ್ದೀರಾ? 294ರ ಮೋಸಸ್ ಕೋನ್ ಪಾರ್ಕ್‌ಗೆ ಹೋಗಿ. ಡೆನಿಮ್ ಬಟ್ಟೆಯಲ್ಲಿ ದುಡ್ಡು ಮಾಡಿದ ಸಾಹುಕಾರರೊಬ್ಬರ ಎಸ್ಟೇಟ್ ಅದು. ಅವರು ಕುದುರೆ ಗಾಡಿಗೆಂದು ಮಾಡಿಸಿದ 25 ಮೈಲಿ ದಾರಿ ಹಾಗೇ ಇದೆ. ಕುದುರೆಗೆ ಸುಸ್ತಾಗಬಾರದೆಂದು ಮಾಡಿದ್ದರಿಂದ ಏರು ಗೊತ್ತೇ ಆಗುವುದಿಲ್ಲ. ಕೆಳಗೆ ಬಾಸ್ ಲೇಕ್ ಸುತ್ತ ಮುಕ್ಕಾಲು ಮೈಲಿ ಚಿಲ್ಲರೆ, ಸಮತಟ್ಟು. ಅಮ್ಮ ಅಲ್ಲಿ ಎರಡು ಸುತ್ತು ಹಾಕಿ, "ಇದು ವಾಕಿಂಗು. ನೀನು ತೋರಿಸೋದೆಲ್ಲ ಹರಕೆ ಹೊತ್ತವರ ಕೆಲಸ ಕಣೋ" ಅಂದಿದ್ದರು.

316.4ರ ಲಿನ್‌ವಿಲ್ ಜಲಪಾತ ಹೆಸರುವಾಸಿ. ಆದರೆ ಹೆಲೀನ್ ಏಟು ಜೋರಾಗಿ ಬಿದ್ದ ಜಾಗಗಳಲ್ಲಿ ಅದೂ ಒಂದು. ತೆರೆದಿರುವ ದಾರಿಗಳು ಯಾವುವೆಂದು ನೋಡಿಕೊಂಡೇ ಹೊರಡಿ.

ವರ್ಜೀನಿಯಾ ಭಾಗದ ಎರಡು

5.8ರ ಹಂಪ್‌ಬ್ಯಾಕ್ ರಾಕ್ಸ್ ಒಂದೇ ಮೈಲಿ. ಆದರೆ ಆ ಒಂದು ಮೈಲಿಯಲ್ಲಿ ಸುಮಾರು 800 ಅಡಿ ಏರಬೇಕು. ದೂರ ನೋಡಿ ಮೋಸ ಹೋಗಬೇಡಿ, ಮಕ್ಕಳನ್ನು ಹೆಗಲ ಮೇಲೆ ಹೊರಬೇಕಾದೀತು. 86ರ ಪೀಕ್ಸ್ ಆಫ್ ಆಟರ್‌ನಲ್ಲಿ ಶಾರ್ಪ್ ಟಾಪ್ ಕೂಡ ಅದೇ ಜಾತಿಯದು, 3,875 ಅಡಿ. ಅದೇ ಜಾಗದಲ್ಲಿ ಅಬ್ಬಟ್ ಲೇಕ್ ಸುತ್ತ ಒಂದು ಮೈಲಿಯ ಹಗುರ ದಾರಿ ಇರುವುದರಿಂದ ಮನೆಯವರು ಎರಡು ಗುಂಪಾಗಬಹುದು.

ದಾರಿಯಲ್ಲಿರುವಾಗ

ಮರದ ಮೇಲೆ ಬಳಿದ ಬಣ್ಣವೇ ಕೈಕಂಬ. ಬಿಳಿ ಉದ್ದ ಪಟ್ಟಿ ಇದ್ದರೆ ಅದು ಅಪಲೇಚಿಯನ್ ಟ್ರೇಲ್. ವರ್ಜೀನಿಯಾದಲ್ಲಿ ಮೊದಲ ನೂರು ಮೈಲಿಯಷ್ಟು ಪಾರ್ಕ್‌ವೇ ಜೊತೆಗೇ ಸಾಗುತ್ತದೆ. ನಾರ್ತ್ ಕ್ಯಾರೊಲಿನಾದಲ್ಲಿ ಬಿಳಿ ದುಂಡು ಚುಕ್ಕೆ ಕಂಡರೆ ಅದು ಮೌಂಟನ್ಸ್ ಟು ಸೀ ಟ್ರೇಲ್. ಒಂದರ ಮೇಲೊಂದು ಎರಡು ಗುರುತು ಇದ್ದರೆ ಮುಂದೆ ತಿರುವಿದೆ ಎಂದರ್ಥ. ಹತ್ತು ನಿಮಿಷ ನಡೆದರೂ ಗುರುತು ಕಾಣದಿದ್ದರೆ, ಕೊನೆಯ ಗುರುತು ಕಂಡ ಜಾಗಕ್ಕೆ ವಾಪಸ್ ಬನ್ನಿ.

ಕರಡಿ ಎದುರಾದರೆ ಓಡಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಗಟ್ಟಿಯಾಗಿ ಮಾತಾಡುತ್ತಾ, ಅದರ ಕಡೆಗೇ ಮುಖ ಮಾಡಿ ನಿಧಾನ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಅದೇ ಹೊರಟುಹೋಗುತ್ತದೆ. ಕರಡಿಗಿಂತ ನನಗೆ ಉಣುಗಿನ ಚಿಂತೆ ಹೆಚ್ಚು. ಮಲೆನಾಡಿನವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಹುಲ್ಲಿನಲ್ಲಿ ನಡೆದು ಬಂದಮೇಲೆ ಮಂಡಿಯ ಹಿಂದೆ, ಸೊಂಟ, ಕಿವಿಯ ಹಿಂದೆ ತಪ್ಪದೆ ನೋಡಿ. ಮೂರು ಮೂರು ಎಲೆಯ ಪಾಯ್ಸನ್ ಐವಿ ದಾರಿಯ ಅಂಚಿನಲ್ಲಿ ಎಲ್ಲ ಕಡೆ ಇದೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಗುಡುಗು ಕೇಳಿದ ಕೂಡಲೇ ಬೋಳು ತುದಿಯಿಂದ ಇಳಿಯಿರಿ. ಒಂದು ಫೋಟೊ ತೆಗೆದು ಬರ್ತೀನಿ ಎನ್ನುವವರನ್ನು ಕೈ ಹಿಡಿದು ಎಳೆದುಕೊಂಡು ಬನ್ನಿ. ಏನಾದರೂ ಆದರೆ ನಂಬರ್ 911. ಕರೆ ಸಿಕ್ಕರೆ ಮೊದಲು ಹೇಳಬೇಕಾದದ್ದು ಹತ್ತಿರದ ಮೈಲಿಗಲ್ಲಿನ ಅಂಕಿ. ಗಾಡಿ ನಿಲ್ಲಿಸಿದಾಗಲೇ ಅದರ ಫೋಟೊ ತೆಗೆದಿಟ್ಟುಕೊಂಡರೆ ಗಾಬರಿಯಲ್ಲಿ ತಡಕಾಡಬೇಕಿಲ್ಲ.

ವಾಪಸ್ ಬರುವಾಗ ಸುರಂಗಗಳಲ್ಲಿ ದೀಪ ಹಾಕಿ. ಇಡೀ ರಸ್ತೆಯಲ್ಲಿ 26 ಸುರಂಗಗಳಿವೆ, ವರ್ಜೀನಿಯಾದಲ್ಲಿ ಒಂದು ಬಿಟ್ಟರೆ ಉಳಿದೆಲ್ಲ ನಾರ್ತ್ ಕ್ಯಾರೊಲಿನಾದಲ್ಲಿ.

ಸಂಜೆಗೆ ಒಂದು

ದಕ್ಷಿಣದ ತುದಿಗೆ ಬಂದವರು ಸಂಜೆಯನ್ನು 451.2ರ ವಾಟರ್‌ರಾಕ್ ನಾಬ್‌ಗೆ ಇಟ್ಟುಕೊಳ್ಳಿ. ಪಾರ್ಕಿಂಗ್ ಜಾಗವೇ 5,800 ಅಡಿಯಲ್ಲಿದೆ. ಅರ್ಧ ಮೈಲಿ ಕಡಿದಾದ ದಾರಿ ಹತ್ತಿದರೆ 6,292 ಅಡಿ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಹೊರಟು, ಹತ್ತಿ, ಇಳಿದು ಪಾರ್ಕಿಂಗ್‌ಗೆ ಬಂದು ಕೂತುಕೊಳ್ಳಿ. ಸೂರ್ಯಾಸ್ತ ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ, ಕತ್ತಲಲ್ಲಿ ಕಲ್ಲು ತುಳಿಯುವ ಕಷ್ಟ ಇರುವುದಿಲ್ಲ. ಫ್ಲಾಸ್ಕಿನ ಕಾಫಿ ಈ ಹೊತ್ತಿಗೆ ಉಳಿಸಿಕೊಳ್ಳಿ.

ಅಲ್ಲಿಂದ ಹದಿನೆಂಟು ಮೈಲಿ ಇಳಿದರೆ 469ನೇ ಕಲ್ಲು, ರಸ್ತೆ ಮುಗಿಯಿತು. ಬಲಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಓಕೊನಲಫ್ಟಿಯ ಬಯಲು. ಮುಸ್ಸಂಜೆಗೂ ಮುಂಜಾನೆಗೂ ಅಲ್ಲಿ ಎಲ್ಕ್ ಹಿಂಡು ಮೇಯಲು ಬರುತ್ತದೆ. ನಮ್ಮ ಕಡವೆಗಿಂತ ದೊಡ್ಡದು, ಕೊಂಬು ನೋಡಲು ಎರಡು ಕಣ್ಣು ಸಾಲದು. ಈ ಕಾಡಿನಲ್ಲಿ ಪೂರ್ತಿ ನಾಶವಾಗಿದ್ದ ಪ್ರಾಣಿಯನ್ನು 2001ರಲ್ಲಿ ಮತ್ತೆ ತಂದು ಬಿಟ್ಟರು. ಐವತ್ತು ಗಜಕ್ಕಿಂತ ಹತ್ತಿರ ಹೋಗುವುದು ಅಪರಾಧ. ಮೊದಲ ಸಲ ಕಂಡಾಗ ಅಪ್ಪ ಗಾಜು ಇಳಿಸಿ, "ಇದು ಚಾರ್ಮಾಡಿಯಲ್ಲಿ ಇಲ್ಲ" ಎಂದು ಒಪ್ಪಿಕೊಂಡರು.